ಸಂಧಿಕಾರ್ಯ

ಲೋಕದಲ್ಲಿ ಕೆಡುವ ಪದಾರ್ಥಗಳನ್ನು ಸಾವಧಾನವಾಗಿ ನೋಡಿದವರಿಗೆ ಒಂದು ಸಂಗತಿಯು ಗೋಚರವಾಗದೆ ಇರದು. ಪದಾರ್ಥವು ತನ್ನ ಮೈಯಲ್ಲಿ ಒಡೆಯುವದು ಅಪರೂಪ. ಕೂಡಿಸಿದ ಸ್ಥಳದಲ್ಲಿ ಬಿಡುವದೇ ಹೆಚ್ಚು. ಕೊಡವು ಬೆಸುಗೆಯಲ್ಲಿ ಸೋರುವದು. ಕದವು ಕೀಲಿನಲ್ಲಿ ಸಡಿಲಾಗುವದು. ಪುಸ್ತಕವು ಹೊಲಿಗೆಯಲ್ಲಿ ಬಿಚ್ಚುವದು. ವೃದ್ಧಾಪ್ಯವು ಮೊದಲು ಬಂದು ಕುಳಿತುಕೊಳ್ಳುವದೂ ಮೊಣಕಾಲಿನ ಸಂಧಿಯಲ್ಲಿಯೇ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂಥ ಮಳೆಯ ಸೀಮೆಯಲ್ಲಿ ಮನೆ ಮಾಡಿಕೊಂಡಿರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾದದ್ದಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಬರುವ ಅನುಭವಸ್ಥನು ಮಾಡಿನ ಬಯಲನ್ನು ನೋಡುತ್ತ ನಿಲ್ಲುವದಿಲ್ಲ. ಎರಡು ಮಾಡುಗಳು ಕೂಡುವ ಮೂಲೆಯನ್ನೂ, ಮಾಡು ಗೋಡೆಗೆ ತಾಗುವ ಅಂಚನ್ನೂ ಮೊದಲು ಪರೀಕ್ಷಿಸುವನು. ಆಷಾಢದ ಮಳೆಗೆ ದೊಡ್ಡ ದಾರಿ ಬೇಡ, ಸಂದು ಸಾಕು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನನ್ನಂಥವರಿಗೆ ಸಂಧಿಯೆಂಬ ಶಬ್ದವು ಬಾಲ್ಯದಿಂದಲೂ ಬೆನ್ನು ಹತ್ತಿದ್ದು. ವರದರಾಜನ ಲಘುಸಿದ್ಧಾಂತಕೌಮುದಿಯಲ್ಲಿ ಸಂಜ್ಞಾಪ್ರಕರಣವು ಮುಗಿದೊಡನೆ ವಿದ್ಯಾರ್ಥಿಗೆ ಎದುರಾಗುವದು ಸಂಧಿಯೇ. ಕನ್ನಡದಲ್ಲಿಯೂ ೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಗೆಂದೇ ಒಂದು ಪ್ರಕರಣವನ್ನು ಮೀಸಲಾಗಿಟ್ಟಿದ್ದಾನೆ. ಲೋಪ, ಆಗಮ, ಆದೇಶಗಳೆಂಬ ಮೂರು ಹೆಸರುಗಳು ಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬರಿಗೂ ಪರಿಚಿತವಾದವುಗಳೇ. ಊರು, ಅಲ್ಲಿ ಎಂಬವು ಕೂಡಿ ಊರಲ್ಲಿ ಎಂದಾಗುವಾಗ ಒಂದು ಸ್ವರವು ಬಿಟ್ಟುಹೋಗುವದು. ಮನೆ, ಅನ್ನು ಎಂಬವು ಕೂಡಿ ಮನೆಯನ್ನು ಎಂದಾಗುವಾಗ ಯಕಾರವೊಂದು ಹೊಸದಾಗಿ ಬರುವದು. ಮಳೆ, ಕಾಲ ಎಂಬವು ಕೂಡಿ ಮಳೆಗಾಲವಾಗುವಾಗ ಕಕಾರದ ಸ್ಥಾನದಲ್ಲಿ ಗಕಾರವು ಬಂದು ಕುಳಿತುಕೊಳ್ಳುವದು. ಇಷ್ಟನ್ನು ನಾನು ಯಲ್ಲಾಪುರ, ಶಿರಸಿಗಳ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ಈ ಮೂರು ಕಾರ್ಯಗಳನ್ನು ಕೈಯಿಂದಲೇ ಮಾಡಿ ನೋಡುವ ಪ್ರಸಂಗವು ನಿವೃತ್ತಿಯಾದ ಮೇಲೆ, ಅದೂ ಸಮುದ್ರಗಳಾಚೆ ಕೆನಡಾ ದೇಶದ ವಿನ್ನಿಪೆಗ್ ಪಟ್ಟಣದಲ್ಲಿ, ಒದಗಿತು. ಆ ವೃತ್ತಾಂತವನ್ನು ವಾಚಕರ ಮುಂದಿಡುವದಕ್ಕೆ ಕಾರಣವುಂಟು. ಅದು ಮುಂದೆ ತಿಳಿಯುವದು.

ನನ್ನ ಮಗನು ಆ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದಾನೆ. ೨೦೨೪ರ ಜೂನ್ ತಿಂಗಳಲ್ಲಿ ನಾನೂ ನನ್ನ ಮನೆಯವರೂ ಅವನಲ್ಲಿಗೆ ಹೋದಾಗ ಅವನ ಅಂಗಳದಲ್ಲಿ ಒಂದು ವಿಚಿತ್ರವಾದ ಗಾಡಿ ನಿಂತಿತ್ತು. ಕಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯತಕ್ಕದ್ದು. ಒಳಗೆ ಮಲಗುವದಕ್ಕೂ ಅಡಿಗೆ ಮಾಡುವದಕ್ಕೂ ಅನುಕೂಲವುಳ್ಳದ್ದು. ಪ್ರಾಯದಲ್ಲಿ ನನ್ನ ಮಗನಿಗಿಂತ ಹಿರಿದು. ಟ್ರೇಲರ್ ಎಂದು ಕರೆಯಲ್ಪಡುವ ಇಂಥ ಬಂಡಿಗಳಲ್ಲಿ ಫೈಬರ್‌ಗ್ಲಾಸಿನವುಗಳಿಗೆ ಆ ಪಟ್ಟಣದಲ್ಲಿ ಒಂದು ಇತಿಹಾಸವೇ ಇದೆ. ೧೯೬೮ರಲ್ಲಿ ರೇ ಒಲೆಕೊ ಎಂಬವನು ಅಲ್ಲಿಯೇ ಬೋಲರ್ ಎಂಬ ಹಗುರವಾದ, ೧೩ ಅಡಿ ಉದ್ದದ ಗಾಡಿಯನ್ನು ನಿರ್ಮಿಸಿದನು. ಆಕಾರದಲ್ಲಿ ಅದು ಬೌಲರ್ ಎಂಬ ಗುಂಡು ಟೊಪ್ಪಿಗೆಯನ್ನು ಹೋಲುತ್ತಿದ್ದುದರಿಂದ ಆ ಹೆಸರು. ನನ್ನ ಮಗನದು ಬೇರೊಂದು ಕಾರಖಾನೆಯ ಗಾಡಿ. ಆದರೆ ರಚನೆಯ ಕ್ರಮವು ಅದೇ.

ಆ ಕ್ರಮವನ್ನು ತುಸು ವಿವರಿಸುವದು ಅವಶ್ಯ. ಗಾಜನ್ನು ಕೂದಲಿಗಿಂತ ತೆಳ್ಳನೆಯ ಎಳೆಗಳಾಗಿ ತೆಗೆದು, ಆ ಎಳೆಗಳ ಹಾಸನ್ನು ರಾಳದಂಥ ಒಂದು ದ್ರವದಲ್ಲಿ ನೆನೆಸಿ, ಅಚ್ಚಿಗೆ ಒತ್ತಿ ಗಟ್ಟಿಯಾಗಲು ಬಿಟ್ಟರೆ ಫೈಬರ್‌ಗ್ಲಾಸಿನ ಮೈಯಾಗುವದು. ನಮ್ಮ ಕರಾವಳಿಯಲ್ಲಿ ಮೀನುಗಾರರ ಅನೇಕ ದೋಣಿಗಳು ಈಗ ಇದರವೇ. ಗಾಡಿಯಾದರೋ ಎರಡು ಅಚ್ಚುಗಳ ಕೂಸು: ಕೆಳಗಿನದೊಂದು ಬೋಗುಣಿ, ಮೇಲಿನದೊಂದು ಬೋಗುಣಿ; ಒಂದರ ಬಾಯಿಗೆ ಇನ್ನೊಂದರ ಬಾಯಿ ಹೊಂದಿಸಿ, ನಡುವಿನಲ್ಲಿ ಸುತ್ತಲೂ ಬೆಸೆದು, ಹೊರಗಿನಿಂದ ಒಂದು ಪಟ್ಟಿಯನ್ನು ಒಡ್ಯಾಣದಂತೆ ಬಿಗಿದಿರುವರು. ಅದನ್ನು ನೋಡಿದೊಡನೆ ನನಗೆ ನಮ್ಮ ಬಚ್ಚಲುಮನೆಯ ತಾಮ್ರದ ಹಂಡೆಯ ಸ್ಮರಣೆಯಾಯಿತು. ಅದರಲ್ಲಿಯೂ ಮೇಲಿನ ಹೋಳು, ಕೆಳಗಿನ ಹೋಳು ಬೇರೆ ಬೇರೆ. ಒಂದರ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಒಂದು ಹಲ್ಲು ಒಳಗೆ ಒಂದು ಹಲ್ಲು ಹೊರಗೆ ಬರುವಂತೆ ಇನ್ನೊಂದಕ್ಕೆ ಕೂಡಿಸಿ, ಬಡಿದು, ಬಿಳಿಗಾರವಿಟ್ಟು ಬೆಂಕಿಯಲ್ಲಿ ಬೆಸೆದದ್ದು. ಹೊಟ್ಟೆಯ ಸುತ್ತ ಆ ಹಲ್ಲುಗಳ ಗುರುತು ಇಂದಿಗೂ ಕಾಣುವದು. ಎರಡು ಕಡೆಯ ಕುಶಲಿಗಳು ಒಬ್ಬರನ್ನೊಬ್ಬರು ಕಂಡವರಲ್ಲ, ಪದಾರ್ಥವೂ ಒಂದಲ್ಲ, ಆದರೂ ಎರಡು ಹೋಳುಗಳ ಸಮಸ್ಯೆಯು ಒಂದೇ.

ಮಗನ ಗಾಡಿಯ ನಡುವಿನ ಈ ಸಂಧಿಯೇ ಬಿಟ್ಟುಕೊಂಡಿತ್ತು. ಮಳೆಯ ನೀರು ಒಳಹೊಕ್ಕು ಹಾಸಿಗೆಯ ಕೆಳಗಿನ ಹಲಗೆಯನ್ನು ಕೊಳೆಸುತ್ತಿತ್ತು. ಅಲ್ಲಿಯ ಚಳಿಗಾಲದಲ್ಲಿ ಉಷ್ಣಮಾನವು ಸೊನ್ನೆಗಿಂತ ೩೦ ಡಿಗ್ರಿ ಕೆಳಗೆ ಇಳಿಯುವ ದಿನಗಳುಂಟು. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು ೯ರಷ್ಟು ಹಿಗ್ಗುವದು. ಹೀಗಾಗಿ ಬೇಸಿಗೆಯಲ್ಲಿ ಕೂದಲೆಳೆಯಷ್ಟಿದ್ದ ಬಿರುಕಿನಲ್ಲಿ ನೀರು ನಿಂತರೆ ಚಳಿಗಾಲವು ಅದಕ್ಕೆ ಬೆಣೆ ಹೊಡೆದು ಅಗಲ ಮಾಡುವದು. ನಮ್ಮಲ್ಲಿ ಮಳೆಯೊಂದೇ ಶತ್ರು. ಅಲ್ಲಿ ಮಳೆಗೆ ಹಿಮದ ಬೆಂಬಲವೂ ಉಂಟು.

ನೆರೆಮನೆಯಲ್ಲಿ ಒಬ್ಬ ವೃದ್ಧ ಗೃಹಸ್ಥನಿದ್ದನು. ಹಿಂದೆ ಸರೋವರದ ದೋಣಿಗಳನ್ನು ದುರಸ್ತಿ ಮಾಡುತ್ತಿದ್ದವನು. ಅವನ ಮಾರ್ಗದರ್ಶನದಲ್ಲಿ ತಂದೆ ಮಕ್ಕಳಿಬ್ಬರೂ ಕೆಲಸಕ್ಕೆ ಕೈ ಹಚ್ಚಿದೆವು. ಮೊದಲು ಸೋರುವ ಸ್ಥಳವನ್ನು ಗೊತ್ತುಮಾಡಬೇಕು. ನೀರು ತೊಟ್ಟಿಕ್ಕುವ ಸ್ಥಳವು ನೀರು ಒಳಹೊಕ್ಕ ಸ್ಥಳವಲ್ಲವೆಂಬದು ಮಲೆನಾಡಿನ ಗೃಹಸ್ಥರಿಗೆ ತಿಳಿದದ್ದೇ. ಅಡಿಗೆಮನೆಯಲ್ಲಿ ಹನಿ ಬಿದ್ದರೆ ಒಡೆದ ಹೆಂಚು ಎಷ್ಟೋ ಮೇಲೆ ಇರುವದು. ಆ ವೃದ್ಧನ ಕ್ರಮವೇನೆಂದರೆ, ಒಬ್ಬನು ಒಳಗೆ ಸೀಮೆಸುಣ್ಣ ಹಿಡಿದು ಕೂಡ್ರಬೇಕು. ಇನ್ನೊಬ್ಬನು ಹೊರಗಿನಿಂದ ಕೊಳವೆಯಲ್ಲಿ ನೀರು ಬಿಡಬೇಕು. ಅದನ್ನೂ ಕೆಳಗಿನಿಂದ ಆರಂಭಿಸಿ ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ಏರಬೇಕು. ಮೊದಲೇ ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆ ಹರಿದು ನಿಜವಾದ ತೂತು ಅಡಗಿಕೊಳ್ಳುವದು. ಸೀಮೆಸುಣ್ಣವು ನನ್ನ ಕೈಗೆ ಬಂದಿತು. ಅದು ನನ್ನ ವೃತ್ತಿಯ ಆಯುಧವೇ ಆದ್ದರಿಂದ ನಾನು ಬೇಡವೆನ್ನಲಿಲ್ಲ.

ಆಮೇಲೆ ಹೊರಗಿನ ಪಟ್ಟಿಯನ್ನು ಬಿಚ್ಚಿದಾಗ ಸಂಧಿಯ ನಿಜಸ್ಥಿತಿ ಕಂಡಿತು. ಹಿಂದೆ ಗಾಡಿಯನ್ನು ಇಟ್ಟುಕೊಂಡಿದ್ದವರು ಸೋರಿದಾಗಲೆಲ್ಲ ಸಿಲಿಕೋನ್ ಎಂಬ ಮೇಣವನ್ನು ಬಿರುಕಿನ ಮೇಲೆ ಬಳಿದು ಬಿಟ್ಟಿದ್ದರು. ಪದರದ ಮೇಲೆ ಪದರ. ಆ ಮೇಣವು ಕೆಲವು ಕಾಲ ನೀರನ್ನು ತಡೆಯುವದು ಸುಳ್ಳಲ್ಲ. ಆದರೆ ಅದರ ಕೆಳಗೆ ತೇವವು ಉಳಿದು ಬಿರುಕು ಬೆಳೆಯುತ್ತಲೇ ಇರುವದು. ಅದಕ್ಕಿಂತ ದೊಡ್ಡ ದೋಷವೆಂದರೆ, ಸಿಲಿಕೋನ್ ತಾಗಿದ ಮೈಗೆ ಮುಂದೆ ಯಾವ ರಾಳವೂ ಬಣ್ಣವೂ ಸರಿಯಾಗಿ ಅಂಟುವದಿಲ್ಲ. ಈ ಹೊತ್ತಿನ ತೊಂದರೆಯನ್ನು ಮುಚ್ಚಿ, ನಾಳೆ ನಿಜವಾಗಿ ದುರಸ್ತಿ ಮಾಡಬೇಕೆಂದು ಬರುವವನ ಕೈಯನ್ನೂ ಅದು ಕಟ್ಟಿಹಾಕುವದು. ಆದುದರಿಂದ ನಮ್ಮ ಪ್ರಥಮ ಕಾರ್ಯವು ಲೋಪವೇ ಆಯಿತು. ಮೇಣವನ್ನೆಲ್ಲ ಹೆರೆದು, ಅಸಿಟೋನಿನಿಂದ ಒರಸಿ, ಬೆಸುಗೆಯ ಸಡಿಲಾದ ಭಾಗವನ್ನು ಒಳಮಗ್ಗುಲಿನಿಂದ ಯಂತ್ರದಲ್ಲಿ ಉಜ್ಜಿ ತೆಗೆದೆವು. ಗಾಜಿನ ಧೂಳು ಮೈಗೆ ತಾಗಿದರೆ ತುರಿಕೆ, ಶ್ವಾಸದಲ್ಲಿ ಹೋದರೆ ಅಪಾಯ. ಅದಕ್ಕಾಗಿ ಮೂಗುಬಾಯಿಗೆ ಮುಸುಕು, ಕೈಗೆ ಚೀಲ. ಎಲ್ಲಿಯ ತನಕ ಉಜ್ಜಬೇಕೆಂದು ಕೇಳಿದ್ದಕ್ಕೆ ವೃದ್ಧನು, ಗಟ್ಟಿಯಾದ ಮೈ ಸಿಕ್ಕುವ ತನಕ, ಬಿರುಕು ಎಷ್ಟು ದೊಡ್ಡದಾಗಿ ಕಂಡರೂ ಹೆದರಬಾರದು ಎಂದನು. ಸಾಯಂಕಾಲಕ್ಕೆ ನಾವು ಹಿಂದಿರುಗಿ ನೋಡಿದರೆ ಬೆಳಿಗ್ಗೆ ಇದ್ದುದಕ್ಕಿಂತ ಗಾಡಿಯು ಹೆಚ್ಚು ಕೆಟ್ಟಂತೆ ತೋರುತ್ತಿತ್ತು.

ಎರಡನೆಯ ಸಂಗತಿಯು ಇನ್ನೂ ಸ್ವಾರಸ್ಯವಾದದ್ದು. ಬಿಟ್ಟ ಎರಡು ಅಂಚುಗಳನ್ನು ತಿರುಪುಯಂತ್ರದಿಂದ ಬಿಗಿದು ಎಳೆದು ಕೂಡಿಸೋಣವೆಂದು ಮಗನ ಅಭಿಪ್ರಾಯ. ವೃದ್ಧನು ಬೇಡವೆಂದು, ಗಾಡಿಯ ಕೆಳಗೆ ಬಗ್ಗಿ, ಕಬ್ಬಿಣದ ಚೌಕಟ್ಟು ಒಂದು ಮೂಲೆಯಲ್ಲಿ ಕುಸಿದಿರುವದನ್ನು ತೋರಿಸಿದನು. ಅಲ್ಲಿ ಜಾಕ್ ಇಟ್ಟು ಅಂಗುಲದ ಕೆಲವು ಭಾಗದಷ್ಟು ಎತ್ತಿದಾಗ ಮೇಲಿನ ಬೋಗುಣಿಯೂ ಕೆಳಗಿನ ಬೋಗುಣಿಯೂ ತಾವಾಗಿಯೇ ಒಂದನ್ನೊಂದು ಬಂದು ಮುಟ್ಟಿದವು. ಬಲಾತ್ಕಾರದಿಂದ ಕೂಡಿಸಿದ್ದರೆ ಆ ಬಲವು ಬೆಸುಗೆಯ ಮೇಲೆ ನಿತ್ಯವೂ ಎಳೆಯುತ್ತ ಇರುತ್ತಿತ್ತು. ನನಗೆ ಆಗ ಪಾಣಿನಿಯ ನೆನಪಾಯಿತು. ಸಂಧಿಕಾರ್ಯಕ್ಕೆ ಮೂಲವಾದ ಸಂಹಿತೆಯನ್ನು ಅವನು ವರ್ಣಗಳ ಅತ್ಯಂತ ಸಾಮೀಪ್ಯವೆಂದು ನಿರ್ಣಯಿಸಿದ್ದಾನೆ. ಸಾಮೀಪ್ಯವು ಮೊದಲು, ಕಾರ್ಯವು ಆಮೇಲೆ. ದೂರವಿರುವವುಗಳನ್ನು ಅಂಟಿನಿಂದ ಹತ್ತಿರ ತರಲಾಗದು. ಹತ್ತಿರ ಬಂದವುಗಳನ್ನು ಮಾತ್ರ ಅಂಟು ಹಿಡಿದಿಡುವದು.

ಆಗಮದ ಕಾರ್ಯದಲ್ಲಿ ಮಗನೇ ನನಗಿಂತ ಮುಂದು. ಗಾಡಿಯ ಮೈ ಸುಮಾರು ೩ ಮಿಲಿಮೀಟರ್ ದಪ್ಪ. ಅಂಚಿಗೆ ಅಂಚು ಹೊಂದಿಸಿ ಅಂಟಿಸಿದರೆ ಹಿಡಿಯುವ ಸ್ಥಳವು ಆ ೩ ಮಿಲಿಮೀಟರ್ ಮಾತ್ರ. ಅದಕ್ಕಾಗಿ ಸಂಧಿಯ ಎರಡೂ ಮಗ್ಗುಲಲ್ಲಿ ದಪ್ಪದ ೧೨ ಪಟ್ಟು, ಅಂದರೆ ೩೬ ಮಿಲಿಮೀಟರ್ ಅಗಲದವರೆಗೆ ಓರೆಯಾಗಿ ಇಳಿಜಾರು ಉಜ್ಜುವರು. ಆಗ ಹಿಡಿಯುವ ಮೈ ವಿಶಾಲವಾಗುವದು. ಇದನ್ನು ಕೇಳಿದೊಡನೆ ಮಗನು, ‘ಅಪ್ಪಯ್ಯ, ಇದು ಅಪ್ಪೆಮಿಡಿಯ ಕಸಿಯಲ್ಲವೇ?’ ಎಂದನು. ಬಾಲ್ಯದಲ್ಲಿ ಅವನು ನಮ್ಮ ಅಂಗಳದಲ್ಲಿ ಮಾವಿಗೂ, ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿಗೂ ಕಸಿ ಕಟ್ಟುತ್ತಿದ್ದವನು. ಕಸಿಯಲ್ಲಿಯೂ ಕಡ್ಡಿಯನ್ನು ಓರೆಯಾಗಿ ಕೊಯ್ಯುವದು ಹಸಿಮೈ ಹಸಿಮೈಗೆ ಹೆಚ್ಚು ತಾಗಲೆಂದೇ. ಕೊಯ್ದ ಗಾಯಕ್ಕೆ ಮಳೆನೀರು ಸೇರದಂತೆ ಕಟ್ಟುವದೂ, ಕೂಡುವ ತನಕ ಅಲುಗಾಡಿಸದೆ ಇರುವದೂ ಎರಡಕ್ಕೂ ಸಮಾನ.

ರಾಳದ ವಿಷಯವನ್ನು ಸಂಕ್ಷೇಪಿಸುವೆನು. ಹಳೆಯ ಮೈಗೆ ಹೊಸದನ್ನು ಅಂಟಿಸಲು ಎಪಾಕ್ಸಿಯೆಂಬ ರಾಳವು ಉತ್ತಮವೆಂದು ಅದನ್ನೇ ತಂದೆವು. ಅದಕ್ಕೆ ಗಟ್ಟಿಮಾಡುವ ದ್ರವವನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಬೆರಸಬೇಕು. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಬೇಗವಾಗುವದಿಲ್ಲ, ಬಲಹೀನವಾಗುವದು. ಒಮ್ಮೆಲೆ ಬಹಳ ಕಲಸಿದರೆ ಪಾತ್ರೆಯಲ್ಲಿಯೇ ಕಾದು ಹಾಳಾಗುವದು. ಗಾಜಿನ ಬಟ್ಟೆಯ ಪಟ್ಟಿಗಳನ್ನು ಒಂದಕ್ಕಿಂತ ಒಂದು ಅಗಲವಾಗಿ ಕತ್ತರಿಸಿ, ನೆನೆಸಿ, ಗಾಳಿಯ ಗುಳ್ಳೆಗಳು ಉಳಿಯದಂತೆ ಉರುಳೆಯಿಂದ ಒತ್ತಿದೆವು. ಒಣಗಿದ ಮೇಲೆ ಮೈಮೇಲೆ ಮೂಡುವ ಮೇಣದಂಥ ಜಿಡ್ಡನ್ನು ನೀರಿನಿಂದ ತೊಳೆದು, ಉಪ್ಪುಕಾಗದದಿಂದ ತಿಕ್ಕಿದ ಹೊರತು ಮುಂದಿನ ಪದರವನ್ನು ಇಡಬಾರದು.

ಹೀಗೆ ಪದರ ಒಣಗುವದನ್ನು ಕಾಯುತ್ತ ಕೂಡ್ರುವ ಸಾಯಂಕಾಲಗಳು ಬಹಳವಾದವು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಯ ತನಕ ಬೆಳಕಿರುವದು. ಅಂಥ ಒಂದು ಸಾಯಂಕಾಲ ಮಗನು ಕೈಯೊರಸಿಕೊಳ್ಳುತ್ತ, ಪೀಠಿಕೆಯಿಲ್ಲದೆ ಹೇಳಿದನು: ‘ಅಪ್ಪಯ್ಯ, ತೋಟದ ಮಾತು ಬಂದಾಗಲೆಲ್ಲ ನಾನು ನೋಡೋಣ, ನೋಡೋಣ ಎನ್ನುತ್ತ ಬಂದೆ. ನಾನು ತೋಟ ಮಾಡಲು ತಿರುಗಿ ಬರುವವನಲ್ಲ. ನನಗಾಗಿ ನೀನು ಅದನ್ನು ಹಿಡಿದುಕೊಂಡು ಕೂಡ್ರಬೇಡ.’

ಸಿದ್ದಾಪುರದ ಕಡೆಗಿರುವ ನಮ್ಮ ಅಡಿಕೆಯ ತೋಟವು ದೊಡ್ಡದಲ್ಲ. ನನ್ನ ಅಜ್ಜನು ಮಾಡಿಸಿದ್ದು. ಸಮಯಕ್ಕೆ ಕೊನೆಗೌಡರು ಸಿಕ್ಕದಿರುವದು, ಮದ್ದು ಹೊಡೆಯುವದು ತಡವಾದರೆ ಕೊಳೆರೋಗ ಹಬ್ಬುವದು, ಸೊಪ್ಪು ಗೊಬ್ಬರಕ್ಕೆ ಆಳಿಲ್ಲದಿರುವದು ಇವೆಲ್ಲ ಈ ಮೂರು ತಾಲೂಕುಗಳ ವಾಚಕರಿಗೆ ನಾನು ಹೇಳತಕ್ಕ ಸುದ್ದಿಗಳಲ್ಲ. ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋದ ಮನೆಗಳಲ್ಲಿ ದೂರವಾಣಿಯ ಮೇಲೆ ದಿನಾಲು ನಡೆಯುವ ಸಂಭಾಷಣೆಯಲ್ಲಿ ಆ ‘ನೋಡೋಣ’ ಎಂಬ ಮಾತು ಎಷ್ಟು ಸಲ ಬರುವದೆಂಬದನ್ನೂ ಅವರು ಬಲ್ಲರು. ಅದು ಕೇಳಲಿಕ್ಕೆ ಮೃದು. ಆ ಹೊತ್ತಿನ ಕಣ್ಣೀರನ್ನು ತಡೆಯುವದು. ಆದರೆ ಅದರ ಕೆಳಗೆ ತೇವವು ಹಾಗೆಯೇ ಉಳಿಯುವದು. ಬೇರೆ ಯಾವ ಏರ್ಪಾಡೂ ಅದರ ಮೇಲೆ ಅಂಟದು.

ಮಗನ ಮಾತು ಕೇಳಿ ನನಗೆ ನೋವಾಗಲಿಲ್ಲವೆಂದು ಬರೆದರೆ ಅದು ಸುಳ್ಳಾಗುವದು. ‘ತಮಾ, ಹೇಳಿದ್ದು ಒಳ್ಳೆಯದಾಯಿತು’ ಎಂದಷ್ಟೇ ಹೇಳಿ ಬಹಳ ಹೊತ್ತು ಸುಮ್ಮನಿದ್ದೆನು. ಆ ರಾತ್ರಿ ನಿದ್ರೆ ಬಾರದಿದ್ದಾಗ ಪಾಠಶಾಲೆಯಲ್ಲಿ ಕಲಿತ ಇನ್ನೊಂದು ನಿಯಮವು ಮನಸ್ಸಿಗೆ ಹೊಳೆಯಿತು. ಒಂದೇ ಪದದೊಳಗೆ ಸಂಧಿಯು ನಿತ್ಯ, ಧಾತುವಿಗೂ ಉಪಸರ್ಗಕ್ಕೂ ನಡುವೆ ನಿತ್ಯ, ಸಮಾಸದಲ್ಲಿಯೂ ನಿತ್ಯ. ಆದರೆ ವಾಕ್ಯದಲ್ಲಿ ಬೇರೆ ಬೇರೆ ಪದಗಳು ಪಕ್ಕಪಕ್ಕಕ್ಕೆ ಬಂದಾಗ ಸಂಧಿ ಮಾಡುವದೂ ಬಿಡುವದೂ ಮಾತನಾಡುವವನ ಇಚ್ಛೆ. ಸಂಧಿ ಮಾಡದಿದ್ದರೆ ವಾಕ್ಯವು ಕೆಡುವದಿಲ್ಲ, ಅರ್ಥವೂ ಹೋಗುವದಿಲ್ಲ. ಒಂದು ಮನೆಯಲ್ಲಿ ಒಂದೇ ಒಲೆಯಲ್ಲಿ ಉಂಡು ಬೆಳೆಯುವ ತನಕ ತಂದೆ ಮಕ್ಕಳು ಒಂದೇ ಪದ. ಮಗನು ಬೆಳೆದು ತನ್ನ ಸಂಸಾರ ಹೂಡಿದ ಮೇಲೆ ಅವನು ಬೇರೆ ಪದವೇ ಸರಿ. ಆದರೂ ವಾಕ್ಯವು ಒಂದೇ. ಅಲ್ಲಿ ಕೂಡುವದು ನಿಯಮದಿಂದ ಆಗತಕ್ಕದ್ದಲ್ಲ, ಇಚ್ಛೆಯಿಂದ ಆಗತಕ್ಕದ್ದು.

ಮರುದಿನ ನಾವಿಬ್ಬರೂ ಕಾಗದ ಮುಂದಿಟ್ಟುಕೊಂಡು ತೋಟದ ಲೆಕ್ಕವನ್ನೆಲ್ಲ ಬಿಚ್ಚಿ ನೋಡಿದೆವು: ಉತ್ಪನ್ನವೆಷ್ಟು, ಖರ್ಚೆಷ್ಟು, ನನ್ನ ಮೈಯಲ್ಲಿ ಶಕ್ತಿ ಎಷ್ಟು. ಊರಲ್ಲಿಯೇ ಇರುವ ನನ್ನ ತಮ್ಮನ ಮಗನು ತೋಟದಲ್ಲಿ ಆಸ್ಥೆಯುಳ್ಳವನು. ಅವನಿಗೆ ಪೂರ್ಣ ಅಧಿಕಾರ ಕೊಟ್ಟು, ತೋಟದ ಸ್ವಾಮಿತ್ವವನ್ನೂ ಕ್ರಮವಾಗಿ ಅವನ ಹೆಸರಿಗೆ ಮಾಡಿಕೊಡುವದೆಂದೂ, ಮನೆಯು ಮಾತ್ರ ಎಲ್ಲರದ್ದಾಗಿ ಉಳಿಯುವದೆಂದೂ ನಿಶ್ಚಯಿಸಿದೆವು. ಮಗನೇ ತನ್ನ ಕೈಯಿಂದ ತನ್ನ ಬಂಧುವಿಗೆ ಪತ್ರ ಬರೆದನು. ವ್ಯಾಕರಣದಲ್ಲಿ ಆದೇಶವಾಗಿ ಬಂದ ವರ್ಣವನ್ನು ಸ್ಥಾನಿಯಂತೆಯೇ ಭಾವಿಸಬೇಕೆಂಬ ನ್ಯಾಯವಿದೆ. ಅರ್ಧ ಮನಸ್ಸಿನಿಂದ ಆದೇಶ ಮಾಡಲಿಕ್ಕಾಗದು. ನಾನು ಊರಿಗೆ ಬಂದ ಮೇಲೆ ತೋಟದ ವಿಷಯದಲ್ಲಿ ಆ ಹುಡುಗನನ್ನು ಕೇಳದೆ ಒಂದು ಸಸಿಯನ್ನೂ ನೆಡಿಸಿಲ್ಲ.

ಗಾಡಿಯ ಕಡೆಯ ಕೆಲಸವು ಹೊರಗಿನ ಪಟ್ಟಿ. ಅದನ್ನೂ ರಾಳದಿಂದಲೇ ಭದ್ರವಾಗಿ ಅಂಟಿಸಿಬಿಡೋಣವೆಂದು ನಾನು ಕೇಳಿದೆನು. ವೃದ್ಧನು ಒಪ್ಪಲಿಲ್ಲ. ಬ್ಯುಟೈಲ್ ಎಂಬ ಮೆತ್ತನೆಯ ಪಟ್ಟಿಯನ್ನು ಕೆಳಗಿಟ್ಟು ತಿರುಪಿನಿಂದ ಬಿಗಿಯಿಸಿದನು. ಅದು ಎಷ್ಟೋ ವರ್ಷ ಮೆತ್ತಗೇ ಇರುವದು. ಗಾಡಿ ಕುಲುಕಿದಾಗ ತಾನೂ ಅಷ್ಟು ಬಳುಕುವದು. ಬೇಕಾದಾಗ ಬಿಚ್ಚಲೂ ಬರುವದು. ಮುಂದೆ ಯಾರಾದರೂ ಇದನ್ನು ತೆರೆಯಬೇಕಾಗುವದು, ಅವನಿಗೆ ದಾರಿ ಬಿಟ್ಟಿರಬೇಕು ಎಂಬದು ಅವನ ಅಭಿಪ್ರಾಯ. ಈ ವಿವೇಕವು ನಮ್ಮ ಕರಾವಳಿಗೂ ಹೊಸದಲ್ಲ. ೧೪ನೆಯ ಶತಮಾನದಲ್ಲಿ ಹೊನ್ನಾವರದಲ್ಲಿ ಉಳಿದುಹೋದ ಪ್ರವಾಸಿ ಇಬ್ನ್ ಬತೂತನು, ಈ ಸಮುದ್ರದ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದೂ, ಬಂಡೆಗೆ ತಾಗಿದಾಗ ಮೊಳೆಯ ಹಡಗು ಒಡೆದರೆ ಹೊಲಿದ ಹಡಗು ಬಳುಕಿ ಉಳಿಯುವದೆಂದೂ ಬರೆದಿಟ್ಟಿದ್ದಾನೆ. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯಬಹುದೆಂಬದೂ ಸ್ಪಷ್ಟವೇ.

ಚಳ್ಳೆನ್ನುವ ಚಳಿಗಾಲವೊಂದು ಕಳೆದ ಮೇಲೆ, ೨೦೨೫ರ ಮೇ ತಿಂಗಳಲ್ಲಿ, ಹಾಸಿಗೆಯ ಕೆಳಗಿನ ಹಲಗೆಯು ಒಣಗಿಯೇ ಇದೆಯೆಂದು ಮಗನು ತಿಳಿಸಿದನು. ತೋಟದಲ್ಲಿ ತಮ್ಮನ ಮಗನು ಆ ವರ್ಷದ ಮೊದಲ ಮದ್ದನ್ನು ಮಳೆಗಿಂತ ಮುಂಚೆಯೇ ಹೊಡೆಸಿ ಮುಗಿಸಿದನು.

ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಈಗ ಸಂಧಿಗಳು ಬಿಡುವ ಕಾಲ. ಅದಕ್ಕಾಗಿ ಕಾಲವನ್ನು ಹಳಿದು ಫಲವಿಲ್ಲ, ಮಕ್ಕಳನ್ನು ಹಳಿದೂ ಫಲವಿಲ್ಲ. ಬಿಟ್ಟಿರುವದನ್ನು ಬಿಟ್ಟಿದೆಯೆಂದು ಒಮ್ಮೆ ಹಗಲಿನ ಬೆಳಕಿನಲ್ಲಿ ತೆರೆದು ನೋಡಿದರೆ, ಕೂಡತಕ್ಕದ್ದು ಯಾವುದು, ಬೇರೆ ಪದವಾಗಿ ಪಕ್ಕದಲ್ಲಿ ನಿಲ್ಲತಕ್ಕದ್ದು ಯಾವುದು ಎಂಬದು ತಿಳಿಯುವದು. ಹಾಗೆ ನೋಡುವದಕ್ಕೆ ಹಿರಿಯರು ಇರುವಾಗಲೇ ಸುಮುಹೂರ್ತ. ಅವರು ಹೋದ ಮೇಲೆ ಆ ಕೆಲಸವು ವಕೀಲರ ಪಾಲಿಗೆ ಬರುವದು, ಅವರಿಗೆ ತಿಳಿದಿರುವದು ವಿಗ್ರಹವಾಕ್ಯ ಮಾತ್ರ.